ಕನಿಕರ ಬೇಡ, ಕಸುಬು ಹೇಳಿ

ಪ್ರಿಯ ಮಿತ್ರರೇ,

ನಟ ಟಿ.ಎನ್. ಬಾಲಕೃಷ್ಣ ಅವರ ಬದುಕಿನ ಕುರಿತು ನೀವು ಕಳುಹಿಸಿದ ಲೇಖನ ತಲುಪಿದೆ. ಭಾಷೆ ಶುದ್ಧವಾಗಿದೆ, ಇಸವಿಗಳನ್ನು ಪರಿಶೀಲಿಸಿ ಬರೆದಿದ್ದೀರಿ. ಎಲ್ಲರೂ ನಾಯಕನಟರ ಬೆನ್ನು ಹತ್ತಿರುವಾಗ ನೀವು ಒಬ್ಬ ಪೋಷಕ ನಟನನ್ನು ಆರಿಸಿಕೊಂಡಿರಿ, ಅದಕ್ಕೆ ಮೆಚ್ಚುಗೆ.

ಆದರೆ ಲೇಖನ ನನಗೆ ಸಿಟ್ಟು ತರಿಸಿದೆ. ಸಾಧಾರಣ ಬರಹಗಳಿಗೆ ನಾನು ಸಿಟ್ಟಾಗುವುದಿಲ್ಲ, ಎರಡು ಸಾಲಿನ ವಿಷಾದಪತ್ರ ಬರೆದು ಹಿಂದಿರುಗಿಸುತ್ತೇನೆ. ನಿಮ್ಮದನ್ನು ಹಾಗೆ ಹಿಂದಿರುಗಿಸಲು ಮನಸ್ಸಾಗಲಿಲ್ಲ. ಕನ್ನಡದಲ್ಲಿ ಯಾರೂ ಸರಿಯಾಗಿ ಬರೆಯದ ಒಂದು ವಿಷಯ ನಿಮ್ಮ ಕೈಗೆ ಸಿಕ್ಕಿತ್ತು, ನೀವು ಅದರ ಮೇಲೆ ಕಣ್ಣೀರು ಸುರಿದು ಮುಂದೆ ಹೋಗಿದ್ದೀರಿ.

ನಿಮ್ಮ ಎರಡನೆಯ ಪುಟವನ್ನು ಎದುರಿಗಿಟ್ಟುಕೊಂಡೇ ಬರೆಯುತ್ತಿದ್ದೇನೆ. ಅದರ ಮೊದಲ ಸಾಲು ಹೀಗಿದೆ: “ಶ್ರವಣಶಕ್ತಿಯ ಕೊರತೆಯೆಂಬ ಶಾಪವನ್ನೇ ವರವಾಗಿಸಿಕೊಂಡ ಮಹಾನ್ ಚೇತನ ನಮ್ಮ ಬಾಲಣ್ಣ.”

ಶಾಪವೆಂದವರು ಯಾರು? ಬಾಲಕೃಷ್ಣ ಅವರೇ ಎಲ್ಲಾದರೂ ಹಾಗೆ ಹೇಳಿದ್ದರೆ ಎಲ್ಲಿ, ಯಾರೊಡನೆ ಎಂದು ಬರೆಯಿರಿ. ಇಲ್ಲವಾದರೆ ಈ ಮಾತು ನಿಮ್ಮದು. ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ ಎಂಬುದಷ್ಟೇ ನಮಗೆ ಗೊತ್ತಿರುವ ಸಂಗತಿ. ಅದನ್ನು ಶಾಪ ಮಾಡಿದವರು ನೀವು, ಅದೇ ಸಾಲು ಮುಗಿಯುವುದರೊಳಗೆ ವರ ಮಾಡಿದವರೂ ನೀವೇ. ಶಾಪ ವರವಾಗುವ ಹೊತ್ತಿಗೆ ಆ ಮನುಷ್ಯ ವರ್ಷಗಟ್ಟಲೆ ಏನೋ ಮಾಡಿರಬೇಕಲ್ಲ? ಅದೇನು ಎಂದು ತಿಳಿಯಲು ನಾನು ಆರು ಪುಟ ಓದಿದೆ, ಕೊನೆಯವರೆಗೂ ಸಿಗಲಿಲ್ಲ.

ಎರಡನೆಯ ಸಾಲು: “ಚಿತ್ರೀಕರಣದ ಗದ್ದಲದ ನಡುವೆ ತನ್ನದೇ ಮೌನದಲ್ಲಿ ಕುಳಿತ ಆ ಜೀವ ಒಳಗೊಳಗೇ ಎಷ್ಟು ಅತ್ತಿತ್ತೋ!”

ಈ ಸಾಲನ್ನು ದಯವಿಟ್ಟು ತೆಗೆದುಹಾಕಿ. ತೀರಿಕೊಂಡವರ ಎದೆಯೊಳಗೆ ನುಗ್ಗಿ ಅಲ್ಲಿ ಅಳುವನ್ನು ಇಟ್ಟು ಬರುವ ಅಧಿಕಾರ ಬರಹಗಾರನಿಗೆ ಇಲ್ಲ. ಉದ್ಗಾರಚಿಹ್ನೆ ಹಾಕಿದ ಮಾತ್ರಕ್ಕೆ ಊಹೆ ಸತ್ಯವಾಗುವುದಿಲ್ಲ. ಸೆಟ್ಟಿನಲ್ಲಿ ಒಂದು ಶಾಟ್ ಮುಗಿದು ಇನ್ನೊಂದಕ್ಕೆ ದೀಪಗಳನ್ನು ಹೊಂದಿಸುವವರೆಗೆ ಎಲ್ಲ ನಟರೂ ಕಾಯುತ್ತಾರೆ. ಕೆಲವರು ಹರಟುತ್ತಾರೆ, ಕೆಲವರು ಕಣ್ಣು ಮುಚ್ಚುತ್ತಾರೆ, ಕೆಲವರು ಮಾತನ್ನು ಮನಸ್ಸಿನಲ್ಲೇ ಉರು ಹೊಡೆಯುತ್ತಿರುತ್ತಾರೆ. ಸುಮ್ಮನೆ ಕುಳಿತಿದ್ದರು ಎಂಬುದು ನಿಮಗೆ ಖಚಿತವಾಗಿ ಗೊತ್ತಿದ್ದರೆ ಸುಮ್ಮನೆ ಕುಳಿತಿದ್ದರು ಎಂದು ಬರೆಯಿರಿ.

ಮೂರನೆಯ ಸಾಲಿಗೆ ಬಂದಾಗ ನನಗೆ ತಡೆಯಲಾಗಲಿಲ್ಲ: “ಕಿವಿ ಕೇಳದಿದ್ದರೂ ಸಂಭಾಷಣೆಯಲ್ಲಿ ಅವರ ಟೈಮಿಂಗ್ ಮಾತ್ರ ಅದ್ಭುತ. ಇದು ದೈವದತ್ತವಲ್ಲದೆ ಮತ್ತೇನು?”

ಮತ್ತೇನು ಎಂದು ನೀವೇ ಕೇಳಿದ್ದೀರಿ. ಪ್ರಾಮಾಣಿಕವಾಗಿ ಕೇಳಿದ್ದರೆ ಲೇಖನ ಅಲ್ಲಿಂದ ಪ್ರಾರಂಭವಾಗುತ್ತಿತ್ತು.

1911ರಲ್ಲಿ ಅರಸೀಕೆರೆಯಲ್ಲಿ ಹುಟ್ಟಿದ ಈ ನಟ ಸಿನಿಮಾಕ್ಕೆ ಬಂದದ್ದು 1943ರ ‘ರಾಧಾರಮಣ’ದಲ್ಲಿ. ಅಷ್ಟರಲ್ಲಿ ಅವರಿಗೆ ಮೂವತ್ತು ದಾಟಿತ್ತು. ಅದಕ್ಕೂ ಹಿಂದಿನ ಕಾಲವನ್ನು ನೀವು “ನಾಟಕ ಕಂಪನಿಗಳಲ್ಲಿ ದುಡಿದರು” ಎಂಬ ಒಂದು ವಾಕ್ಯದಲ್ಲಿ ಮುಗಿಸಿದ್ದೀರಿ. ನಾಟಕ ಕಂಪನಿ ಎಂದರೆ ಏನೆಂದು ಒಮ್ಮೆ ಯೋಚಿಸಿ. ಮೈಕ್ ಇಲ್ಲ. ಹಿಂದಿನ ಸಾಲಿನ ನಾಲ್ಕಾಣೆ ಪ್ರೇಕ್ಷಕನಿಗೂ ಮಾತು ಮುಟ್ಟಬೇಕು. ನಟ ಮಾತು ಮರೆತರೆ ರಂಗದ ಪಕ್ಕದ ಮರೆಯಾದ ಸೈಡ್ ವಿಂಗ್‌ನಲ್ಲಿ ಕೈಬರಹದ ಪ್ರತಿ ಹಿಡಿದು ನಿಂತ ಪ್ರಾಂಪ್ಟರ್ ಪಿಸುಮಾತಿನಲ್ಲಿ ಎತ್ತಿಕೊಡುತ್ತಾನೆ. ಎದುರಿನ ಪಾತ್ರಧಾರಿಯ ಕೊನೆಯ ಪದ ಕಿವಿಗೆ ಬಿದ್ದ ಕೂಡಲೇ ನಿಮ್ಮ ಮಾತು ಹೊರಡಬೇಕು. ಹಾಡಿನ ಎತ್ತುಗಡೆಗೆ ಹಾರ್ಮೋನಿಯಂ ಶ್ರುತಿ ಹಿಡಿದು ಕಾಯುತ್ತದೆ. ಆ ವ್ಯವಸ್ಥೆಯ ಪ್ರತಿಯೊಂದು ಆಸರೆಯೂ ಕಿವಿಯ ಮೂಲಕವೇ ನಟನನ್ನು ತಲುಪುವಂಥದ್ದು. ಕಿವಿ ಮಂದವಾದ ನಟನಿಗೆ ಪ್ರಾಂಪ್ಟರ್ ಇದ್ದೂ ಇಲ್ಲದಂತೆ. ಹಾಗಿದ್ದ ಮೇಲೆ ಅವನ ಮುಂದೆ ಉಳಿಯುವ ದಾರಿ ಯಾವುದು? ತನ್ನ ಮಾತಷ್ಟೇ ಅಲ್ಲದೆ ಎದುರಿನವನ ಮಾತನ್ನೂ ಬಾಯಿಪಾಠ ಮಾಡಬೇಕು. ಯಾವ ಪದದ ಹೊತ್ತಿಗೆ ಎದುರಿನವನ ಹೆಗಲು ತಿರುಗುತ್ತದೆ, ಯಾವಾಗ ಅವನು ಉಸಿರು ಎಳೆದುಕೊಳ್ಳುತ್ತಾನೆ ಎಂಬುದನ್ನು ಕಣ್ಣಿನಿಂದ ಹಿಡಿಯಬೇಕು. ಪ್ರೇಕ್ಷಕರ ನಗೆ ಏರಿ ಇಳಿಯುವುದನ್ನು ಅವರ ಮೈ ಅಲುಗುವುದರಲ್ಲೇ ಗುರುತಿಸಬೇಕು. ಇಷ್ಟೆಲ್ಲ ದುಡಿಮೆಯನ್ನು ನೀವು ದೇವರ ಲೆಕ್ಕಕ್ಕೆ ಜಮಾ ಮಾಡಿದ್ದೀರಿ.

ಈ ಮಾತುಗಳನ್ನು ನಾನು ಪುಸ್ತಕ ಓದಿ ಬರೆಯುತ್ತಿಲ್ಲ. ಪತ್ರಿಕೆಯೊಂದರಲ್ಲಿ ಉಪಸಂಪಾದಕನಾಗಿ ಸೇರಿದ ಹೊಸತರಲ್ಲಿ ನಮ್ಮ ಹಿರಿಯ ಸಂಪಾದಕರು ನನ್ನನ್ನು ಬಾದಾಮಿಯ ಬನಶಂಕರಿ ಜಾತ್ರೆಗೆ ಕಳುಹಿಸಿದ್ದರು. ಜಾತ್ರೆಗೆ ಹತ್ತಾರು ಕಂಪನಿಗಳು ಬಂದು ಬೀಡು ಬಿಡುತ್ತವೆ, ರಾತ್ರಿಯಿಡೀ ಆಟ ನಡೆಯುತ್ತದೆ. “ಮುಂದೆ ಕುಳಿತು ನಾಟಕ ನೋಡಬೇಡ, ಪಕ್ಕದಲ್ಲಿ ನಿಂತು ನೋಡಿ ಬಾ” ಎಂದಿದ್ದರು ಅವರು. ಒಂದು ಕಂಪನಿಯವರು ದೊಡ್ಡ ಮನಸ್ಸು ಮಾಡಿ ವಿಂಗ್‌ನಲ್ಲಿ, ಹಾರ್ಮೋನಿಯಂ ಮೇಷ್ಟರ ಹಿಂದೆ, ನನಗೆ ನಿಲ್ಲಲು ಜಾಗ ಕೊಟ್ಟರು.

ಅಲ್ಲಿ ಒಬ್ಬ ಹಾಸ್ಯಪಾತ್ರಧಾರಿಯನ್ನು ನೋಡಿದೆ. ಸಭೆ ನಕ್ಕಾಗ ಅವರು ಮುಂದಿನ ಮಾತನ್ನು ತಡೆಹಿಡಿದು ಪಂಚೆಯ ಚುಂಗು ಸರಿಪಡಿಸಿಕೊಳ್ಳುತ್ತಿದ್ದರು, ನಗೆ ಪೂರ್ತಿ ನಿಲ್ಲುವ ಸ್ವಲ್ಪ ಮೊದಲೇ ಮಾತು ಬಿಡುತ್ತಿದ್ದರು. ಪೂರ್ತಿ ನಿಂತ ಮೇಲೆ ಬಿಟ್ಟರೆ ಆಟ ತಣ್ಣಗಾಗುತ್ತದೆ, ಬೇಗ ಬಿಟ್ಟರೆ ಮಾತು ನಗೆಯಲ್ಲಿ ಮುಳುಗುತ್ತದೆ ಎಂದು ಆಟ ಮುಗಿದ ಮೇಲೆ ಬಣ್ಣ ಒರೆಸುತ್ತ ಅವರೇ ವಿವರಿಸಿದರು. ಪಂಚೆ ಸರಿಪಡಿಸಿಕೊಳ್ಳುವುದನ್ನು ಗುರುಗಳಿಂದ ಕಲಿತದ್ದಂತೆ. ಆ ರಾತ್ರಿ ನನಗೆ ನಟನೆಯ ಬಗ್ಗೆ ಬರೆಯುವುದು ಹೇಗೆಂದು ತಿಳಿಯಿತು. ಊರಿಗೆ ಮರಳಿ ಬರೆದುಕೊಟ್ಟ ಲೇಖನದಲ್ಲಿ ಸಂಪಾದಕರು ಉಳಿಸಿದ್ದು ಬಹುತೇಕ ಆ ಪಂಚೆಯ ಪ್ರಸಂಗವನ್ನೇ. ಕಂಪನಿಯ ಇತಿಹಾಸ, ಜಾತ್ರೆಯ ವರ್ಣನೆ ಎಲ್ಲಕ್ಕೂ ಕೆಂಪು ಗೆರೆ ಬಿದ್ದಿತ್ತು. ಅವರು ಯಾವತ್ತೂ ದೀರ್ಘವಾಗಿ ತಿದ್ದುತ್ತಿರಲಿಲ್ಲ. ಅಂಚಿನಲ್ಲಿ “ಹೇಗೆ?” ಎಂದು ಬರೆದು ಪ್ರತಿಯನ್ನು ಮೇಜಿನ ಮೇಲಿಟ್ಟು ಹೋಗುತ್ತಿದ್ದರು. ಉತ್ತರ ಹುಡುಕಿಕೊಂಡು ಮೇಕಪ್ ಮಾಡುವವರ, ಹಾರ್ಮೋನಿಯಂ ನುಡಿಸುವವರ ಮನೆ ಬಾಗಿಲಿಗೆ ಹೋಗುವುದೇ ನನ್ನ ಕಲಿಕೆಯ ಬಹುಭಾಗವಾಗಿತ್ತು. ಇಂದು ನಿಮ್ಮ ಪ್ರತಿಯ ಅಂಚಿನಲ್ಲಿ ಅದೇ ಪ್ರಶ್ನೆ ಕಂಡರೆ ಅದು ಅವರಿಂದ ಬಂದದ್ದೆಂದು ತಿಳಿಯಿರಿ.

ನಾಲ್ಕನೆಯ ಸಾಲು ನಿಮ್ಮ ಇಡೀ ಲೇಖನದಲ್ಲಿ ನನ್ನನ್ನು ಎದ್ದು ಕೂರಿಸಿದ ಏಕೈಕ ಸಾಲು: “ಎದುರಿನ ಕಲಾವಿದರ ತುಟಿಯ ಚಲನೆ ನೋಡಿಯೇ ಮಾತು ಆಡುತ್ತಿದ್ದರಂತೆ.” ಇದನ್ನು ಹೇಳಿ ಮರುಕ್ಷಣವೇ ಪ್ರಶಸ್ತಿಗಳ ಕಡೆಗೆ ತಿರುಗಿದ್ದೀರಿ! ಸಹನಟರು ಅನೇಕರು ಹೇಳಿಕೊಂಡು ಬಂದ ಮಾತು ಇದು. ಇದನ್ನು ಬಿಡಿಸಿ ನೋಡಬೇಕಿತ್ತು. ತುಟಿ ಕಾಣಬೇಕಾದರೆ ಮುಖ ಕಾಣಬೇಕು. ಸಿನಿಮಾದಲ್ಲಿ ಸದಾ ಮುಖ ಕಾಣುವುದಿಲ್ಲ. ಬಾಲಕೃಷ್ಣ ಮಾಡಿದ ಕುತಂತ್ರಿ ಪಾತ್ರಗಳನ್ನು ನೆನಪಿಸಿಕೊಳ್ಳಿ. ಕುತಂತ್ರಿಯು ಎದುರಾಳಿಗೆ ಬೆನ್ನು ಹಾಕಿ, ಕ್ಯಾಮೆರಾ ಕಡೆಗೆ ಮುಖ ಮಾಡಿ ನಿಂತಾಗ ಹಿಂದಿನಿಂದ ನಾಯಕ ಮಾತನಾಡುತ್ತಾನೆ. ಆ ಮಾತು ಮುಗಿಯಿತೆಂದು ಇವರಿಗೆ ತಿಳಿಯುವುದು ಹೇಗೆ? ನಿರ್ದೇಶಕರು ಕೈಸನ್ನೆ ಮಾಡುತ್ತಿದ್ದರೇ? ಮನಸ್ಸಿನಲ್ಲೇ ಎಣಿಸುತ್ತಿದ್ದರೇ? ಎದುರಿನವನ ಪೂರ್ತಿ ಮಾತನ್ನು ಒಳಗೇ ಹೇಳಿಕೊಳ್ಳುತ್ತಿದ್ದರೇ?

ಇನ್ನು ಡಬ್ಬಿಂಗ್. ಹಳೆಯ ಚಿತ್ರಗಳಲ್ಲಿ ಸೆಟ್ಟಿನಲ್ಲೇ ಮಾತು ಮುದ್ರಿಸಿಕೊಳ್ಳುತ್ತಿದ್ದರು. ಆಮೇಲೆ ಬಂದ ಪದ್ಧತಿಯಲ್ಲಿ ದೃಶ್ಯವನ್ನು ಸಣ್ಣ ತುಂಡುಗಳಾಗಿ ಕತ್ತರಿಸಿ, ಎರಡು ತುದಿ ಅಂಟಿಸಿ, ಪರದೆಯ ಮೇಲೆ ಮತ್ತೆ ಮತ್ತೆ ಓಡಿಸುತ್ತಿದ್ದರು. ಅದಕ್ಕೆ ಲೂಪ್ ಎನ್ನುತ್ತಿದ್ದರು. ನಟ ಹೆಡ್‌ಫೋನ್‌ನಲ್ಲಿ ಸೆಟ್ಟಿನ ಧ್ವನಿ ಕೇಳಿಸಿಕೊಂಡು, ಪರದೆಯ ಮೇಲಿನ ತನ್ನದೇ ತುಟಿಗೆ ಸರಿಯಾಗಿ ಮಾತು ಕೂರಿಸಬೇಕು. ಕಿವಿ ಚೆನ್ನಾಗಿರುವವರೇ ತಡಬಡಾಯಿಸುವ ಕೆಲಸ ಅದು. ಬಾಲಕೃಷ್ಣ ಅವರ ಮಾತಿನ ಧಾಟಿ ನಿಮಗೆ ಗೊತ್ತೇ ಇದೆ: ಪದವನ್ನು ಎಳೆದು, ನಡುವೆ ತುಂಡರಿಸಿ, ಕೊನೆಯಲ್ಲಿ ಸರಕ್ಕನೆ ತಿರುಗಿಸುತ್ತಾರೆ. ಅಂಥ ಧಾಟಿಯನ್ನು ಪರದೆಯ ಮೇಲಿನ ತುಟಿಗೆ ಹೊಂದಿಸುವಾಗ ಧ್ವನಿಗ್ರಾಹಕರು ಅವರೊಡನೆ ಹೇಗೆ ಕೆಲಸ ಮಾಡಿದರು? ಆ ತಲೆಮಾರಿನ ತಂತ್ರಜ್ಞರಲ್ಲಿ ಉಳಿದವರು ಕಡಿಮೆ. ಇರುವವರನ್ನು ಹುಡುಕಿ ಕೇಳಿ, ನಾಳೆ ಎಂದರೆ ತಡವಾಗುತ್ತದೆ.

ಈ ನಡುವೆ ಮನೆಯಲ್ಲೇ ಮಾಡಬಹುದಾದ ಒಂದು ಕೆಲಸವಿದೆ. 1971ರ ‘ಕಸ್ತೂರಿ ನಿವಾಸ’ ಮತ್ತು 1972ರ ‘ಬಂಗಾರದ ಮನುಷ್ಯ’ ಚಿತ್ರಗಳನ್ನು ಧ್ವನಿ ಪೂರ್ತಿ ನಿಲ್ಲಿಸಿ ನೋಡಿ. ಮೊದಲನೆಯದರಲ್ಲಿ ಅವರು ಒಡೆಯನ ಜೊತೆ ಕೊನೆಯವರೆಗೂ ಉಳಿಯುವ ರಾಮಯ್ಯ, ಎರಡನೆಯದರಲ್ಲಿ ಹಳ್ಳಿಯ ಹಿರಿಯ ರಾಚೂಟಪ್ಪ. ಎರಡೂ ಒಳ್ಳೆಯ ಮನುಷ್ಯರ ಪಾತ್ರಗಳು, ಎರಡರಲ್ಲೂ ಎದುರಿಗಿರುವವರು ರಾಜಕುಮಾರ್. ನೀವು ಬಾಲಕೃಷ್ಣ ಅವರ ಬಾಯಿ ನೋಡಬೇಡಿ, ಕಣ್ಣು ನೋಡಿ. ರಾಜಕುಮಾರ್ ಮಾತನಾಡುವಷ್ಟು ಹೊತ್ತೂ ಆ ಕಣ್ಣುಗಳು ಎಲ್ಲಿವೆ ಎಂದು ಗಮನಿಸಿ ಟಿಪ್ಪಣಿ ಮಾಡಿಕೊಳ್ಳಿ. ಎದುರಿನವರನ್ನು ಅಷ್ಟು ತೀವ್ರವಾಗಿ ನೋಡುವ ನಟರು ಕಡಿಮೆ. ಪ್ರೇಕ್ಷಕರಿಗೆ ಅದು ರಾಮಯ್ಯನ ನಿಷ್ಠೆಯಾಗಿ, ರಾಚೂಟಪ್ಪನ ಅಕ್ಕರೆಯಾಗಿ ಕಾಣುತ್ತದೆ. ಅದರ ಬುಡದಲ್ಲಿ ಮಾತನ್ನು ಕಣ್ಣಿನಿಂದ ಓದುವ ಅಗತ್ಯವೂ ಇತ್ತು ಎಂಬುದು ನನ್ನ ಬಲವಾದ ನಂಬಿಕೆ. ನೀವು ಒಪ್ಪದಿದ್ದರೆ ದೃಶ್ಯಗಳನ್ನು ಮುಂದಿಟ್ಟು ವಾದಿಸಿ, ಸಂತೋಷದಿಂದ ಪ್ರಕಟಿಸುತ್ತೇನೆ.

ಇನ್ನೊಂದೇ ಆಕ್ಷೇಪಣೆ. ಐದನೆಯ ಪುಟದಲ್ಲಿ ಬಾಲಕೃಷ್ಣ ಕಟ್ಟಿದ ಅಭಿಮಾನ್ ಸ್ಟುಡಿಯೋ ಬಗ್ಗೆ ಬರೆಯುತ್ತ “ಸಲ್ಲದ ಕನಸು ಕಂಡು ಕೈಸುಟ್ಟುಕೊಂಡ ದುರಂತ ನಾಯಕ” ಎಂದಿದ್ದೀರಿ. ಸಲ್ಲದ ಕನಸೇ? ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆಗೆ ಬಂತು, ಅದರ ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ. ಅದಾದ ಮೇಲೂ ದಶಕಗಳ ಕಾಲ ಕನ್ನಡ ಚಿತ್ರಗಳು ಹೆಚ್ಚಾಗಿ ತಯಾರಾದದ್ದು ಮದರಾಸಿನ ಸ್ಟುಡಿಯೋಗಳಲ್ಲಿ. ನಮ್ಮ ನಟರು ಅಲ್ಲೇ ಮನೆ ಹಿಡಿದು, ಅಲ್ಲಿಯ ಫ್ಲೋರ್ ಖಾಲಿಯಾಗುವವರೆಗೆ ಕಾಯಬೇಕಿತ್ತು. ಕೆಲಸ ಸಿಗದ ದಿನಗಳಲ್ಲಿ ರಾಜಕುಮಾರ್, ಜಿ.ವಿ. ಅಯ್ಯರ್, ನರಸಿಂಹರಾಜು, ಬಾಲಕೃಷ್ಣ ಈ ನಾಲ್ವರು ಸೇರಿ ಕಲಾವಿದರ ಸಂಘ ಕಟ್ಟಿ, ಊರೂರು ತಿರುಗಿ ನಾಟಕ ಆಡಿದರು. 1960ರಲ್ಲಿ ‘ರಣಧೀರ ಕಂಠೀರವ’ ಚಿತ್ರವನ್ನು ತಾವೇ ನಿರ್ಮಿಸಿದರು. ಆ ಅನುಭವದಿಂದ ಬಂದ ಮನುಷ್ಯ ಬೆಂಗಳೂರಿನ ಕೆಂಗೇರಿ ಬಳಿ ಸರ್ಕಾರ ಕೊಟ್ಟ ಜಮೀನಿನಲ್ಲಿ ಸ್ಟುಡಿಯೋ ಕಟ್ಟಲು ಹೊರಟರು. ಬಂಡವಾಳಗಾರರೇ ಹಿಂಜರಿಯುತ್ತಿದ್ದ ಕಾಲದಲ್ಲಿ ಒಬ್ಬ ಪೋಷಕ ನಟ ಈ ಸಾಹಸಕ್ಕೆ ಕೈಹಾಕಿದ್ದು ಏಕೆಂದು ತಿಳಿಯಬೇಕಾದರೆ ಮದರಾಸಿನ ಆ ಕಾಯುವಿಕೆಯನ್ನು ತಿಳಿಯಬೇಕು. ನಿಮ್ಮ ಲೇಖನದಲ್ಲಿ ಮದರಾಸಿನ ಹೆಸರೇ ಇಲ್ಲ. ಬದಲಿಗೆ ಒಂದು ಪುಟವನ್ನೆಲ್ಲ ವಿಷ್ಣುವರ್ಧನ್ ಸಮಾಧಿಯ ವಿವಾದಕ್ಕೆ ಕೊಟ್ಟಿದ್ದೀರಿ. ನಟ ವಿಷ್ಣುವರ್ಧನ್ ಅವರ ಅಂತ್ಯಕ್ರಿಯೆ ಈ ಸ್ಟುಡಿಯೋದ ಜಾಗದಲ್ಲಿ ನಡೆದದ್ದು 2009ರ ಕೊನೆಯಲ್ಲಿ. ಬಾಲಕೃಷ್ಣ ತೀರಿಕೊಂಡದ್ದು 1995ರಲ್ಲಿ. ಆ ಜಾಗದ ಬಗ್ಗೆ ಇಂದು ಎಲ್ಲರಿಗೂ ಗೊತ್ತಿರುವುದು ವಿವಾದ ಮಾತ್ರ. ಅದನ್ನು ಕಟ್ಟಿದ ಮನುಷ್ಯನ ಬಗ್ಗೆ ಬರೆಯಲು ಕುಳಿತವರು ನೀವೂ ಅದನ್ನೇ ಬರೆದರೆ ಹೇಗೆ?

ಸ್ಟುಡಿಯೋ ಕೈಹಿಡಿಯಲಿಲ್ಲ, ನಿಜ. ಆದರೆ ಸಾಲದಲ್ಲಿ ಸಿಲುಕಿದ ಕಾಲದಲ್ಲೂ ಅವರು ಬಣ್ಣ ಹಚ್ಚುವುದನ್ನು ಬಿಡಲಿಲ್ಲ. ಮಾಡಿದ ಚಿತ್ರಗಳು 500ಕ್ಕೂ ಹೆಚ್ಚು. ಇಂಥವರನ್ನು ದುರಂತ ನಾಯಕ ಎಂದು ಕರೆದು ಕೈತೊಳೆದುಕೊಳ್ಳುವುದನ್ನು ನಾನು ಒಪ್ಪಲಾರೆ.

ಪ್ರಶಸ್ತಿಗಳ ಪಟ್ಟಿ, ಕುಟುಂಬದ ವಿವರಗಳ ಬಗ್ಗೆ ನಾನು ಏನೂ ಹೇಳುವುದಿಲ್ಲ. ಅವು ಇದ್ದರೂ ಆದೀತು, ಇಲ್ಲದಿದ್ದರೂ ಆದೀತು.

ಲೇಖನವನ್ನು ತಿರಸ್ಕರಿಸಿಲ್ಲ, ಹಿಂದಿರುಗಿಸುತ್ತಿದ್ದೇನೆ. ತುಟಿಯ ಚಲನೆಯ ಆ ಸಾಲಿನಿಂದ ಹೊಸದಾಗಿ ಪ್ರಾರಂಭಿಸಿ. ನೋಡಿದ ದೃಶ್ಯ ಯಾವ ಚಿತ್ರದ್ದು, ಮಾತನಾಡಿಸಿದವರು ಯಾರು, ಅವರು ಅಂದು ಯಾವ ಕೆಲಸದಲ್ಲಿದ್ದರು ಎಂಬುದನ್ನು ಬರಹದೊಳಗೇ ಹೇಳಿ. ಚಿಕ್ಕದಾದರೂ ಚಿಂತೆಯಿಲ್ಲ, ಮೂರು ಪುಟ ಸಾಕು. ಮುಂದಿನ ಸಂಚಿಕೆಗಳಲ್ಲಿ ಜಾಗ ಕಾದಿರಿಸಿಲ್ಲ. ನೀವು ಕಳುಹಿಸಿದಾಗ ಮಾಡಿಕೊಳ್ಳುತ್ತೇನೆ.

ವಿಶ್ವಾಸದಿಂದ,
ಸಂಪಾದಕ