ವಯಾಂಗ್ ಕುಲಿತ್ ವಿಡಿಯೊದ ನಡುವೆ ಕೀಬೋರ್ಡು, ಹಾಡು, ಹಾಸ್ಯ ಏಕೆ? ಏಳು ಗಂಟೆ ಹೇಗೆ ನೋಡುವುದು?

ನೀವು ನೋಡಿದ್ದು ಕೆಟ್ಟ ಪ್ರದರ್ಶನವಲ್ಲ, ಇಂಡೊನೇಷ್ಯಾದ ಜಾವಾ ದ್ವೀಪದ ತೊಗಲುಗೊಂಬೆಯಾಟವಾದ ವಯಾಂಗ್ ಕುಲಿತ್ ಈಗ ನಡೆಯುವುದೇ ಹಾಗೆ.

ಆಟ ರಾತ್ರಿ ಒಂಬತ್ತರ ಸುಮಾರಿಗೆ ಶುರುವಾಗಿ ಬೆಳಗಿನ ಜಾವ ನಾಲ್ಕರವರೆಗೆ ಸಾಗುತ್ತದೆ. ಗಾಮೆಲಾನ್ ಎಂಬ ವಾದ್ಯಮೇಳ ನೆಮ್, ಸಾಂಗಾ, ಮನ್ಯುರಾ ಎಂಬ ಮೂರು ಘಟ್ಟ ದಾಟುತ್ತದೆ. ಗೊಂಬೆ ಆಡಿಸುವ ದಲಾಂಗ್ ಸಾಮಾನ್ಯವಾಗಿ ಈ ಕ್ರಮವನ್ನು ಮುರಿಯುವುದಿಲ್ಲ. ಹೊಸತು ನುಗ್ಗುವುದು ಮುಖ್ಯವಾಗಿ ಎರಡು ಕಡೆ: ಮೊದಲ ಘಟ್ಟದಲ್ಲಿ ಚಾಂಗಿಕ್, ಲಿಂಬುಕ್ ಎಂಬ ತಾಯಿ-ಮಗಳು ದಾಸಿಯರು ಬರುವ 'ಲಿಂಬುಕಾನ್', ಮಧ್ಯರಾತ್ರಿಯ ನಂತರ ವಿದೂಷಕ ಸೇವಕ ಸೆಮಾರ್ ಮತ್ತವನ ಮೂವರು ಮಕ್ಕಳ 'ಗೊರೊ-ಗೊರೊ'. ಗಾಮೆಲಾನ್ ಜೊತೆ ಕೀಬೋರ್ಡಿನಂಥ ವಾದ್ಯ ಬೆರೆಸಿದ ಕಾಂಪುರ್ಸಾರಿ ಹಾಡು, ಪ್ರೇಕ್ಷಕರ ಕೋರಿಕೆ, ಗಾಯಕಿಯರ ಜೊತೆ ಚೇಷ್ಟೆ, ರಾಜಕಾರಣಿಗಳಿಗೆ ಕುಟುಕು ಎಲ್ಲಾ ಇಲ್ಲೇ. ನಮ್ಮ ಕಿಳ್ಳೇಕ್ಯಾತನಿಗೂ ಇಂಥದೇ ಸ್ವಾತಂತ್ರ್ಯವಿದೆ. ಯೋಗ್ಯಕರ್ತಾದ ದಲಾಂಗ್ ಕಿ ಸೆನೊ ನುಗ್ರೊಹೊ (2020ರಲ್ಲಿ ತೀರಿಕೊಂಡರು) ಸೆಮಾರ್‌ನ ಮಗ ಬಾಗೊಂಗ್‌ನ ಮಾತುಗಾರಿಕೆಯಿಂದಲೇ ಯೂಟ್ಯೂಬ್ ನೇರಪ್ರಸಾರಕ್ಕೆ ಹುಡುಗರನ್ನು ಸೆಳೆದರು. ತೊಂದರೆ ಒಂದೇ: ಲಿಂಬುಕಾನ್ ಗಂಟೆಗಟ್ಟಲೆ ಹಿಗ್ಗಿದರೆ ಕಥೆಗೆ ಹೊತ್ತು ಸಾಲದೆ ಕೊನೆಯ ಯುದ್ಧ ಅವಸರದಲ್ಲಿ ಮುಗಿಯುತ್ತದೆ. ಹಳಬರ ಗೊಣಗಾಟ ನ್ಯಾಯವಾದದ್ದೇ.

ಭಾಷೆ ಬಾರದಿದ್ದರೆ ಮೊದಲು ಶೀರ್ಷಿಕೆಯಲ್ಲಿ 'ಲಾಕೊನ್' ಪಕ್ಕದಲ್ಲಿರುವ ಕಥೆಯ ಹೆಸರು ನೋಡಿ, ಸಾರಾಂಶ ಓದಿಕೊಳ್ಳಿ. ಕಥೆ ಹೆಚ್ಚಾಗಿ ಮಹಾಭಾರತದ್ದು, ಹೆಸರು ಮಾತ್ರ ಬೇರೆ: ವೆರ್ಕುದಾರಾ ಅಂದರೆ ಭೀಮ, ಜನಾಕಾ ಅಂದರೆ ಅರ್ಜುನ, ಪುಂತದೇವಾ ಅಂದರೆ ಧರ್ಮರಾಯ. ವ್ಯಾಸಭಾರತವನ್ನು ಹುಡುಕಬೇಡಿ: ಇಲ್ಲಿ ದ್ರೌಪದಿ ಧರ್ಮರಾಯನೊಬ್ಬನ ಹೆಂಡತಿ, ಶಿಖಂಡಿ ಅರ್ಜುನನ ಹೆಂಡತಿ. ಎಷ್ಟೋ ಲಾಕೊನ್‌ಗಳು ಜಾವಾದವರೇ ಕಟ್ಟಿದವು. ಗೊಂಬೆಯ ಮುಖವೇ ಸ್ವಭಾವ ಹೇಳುತ್ತದೆ. ಸೀಳುಗಣ್ಣು, ಚೂಪು ಮೂಗು, ತಗ್ಗಿಸಿದ ತಲೆ ಇದ್ದರೆ ಸೌಮ್ಯ. ಗುಂಡುಗಣ್ಣು, ಎತ್ತಿದ ಮುಖವಿದ್ದರೆ ಒರಟು.

ಪೂರ್ತಿ ನೋಡಲಾಗದಿದ್ದರೆ ಮೊದಲ ಆಸ್ಥಾನದೃಶ್ಯ ಸ್ವಲ್ಪ ನೋಡಿ ಗೊರೊ-ಗೊರೊಗೆ ಹಾರಿ. ಅದರ ಬೆನ್ನಿಗೇ ಬರುವ 'ಪೆರಾಂಗ್ ಕೆಂಬಾಂಗ್' ಮಾತ್ರ ಬಿಡಬೇಡಿ. ಸೌಮ್ಯ ವೀರನೊಬ್ಬ ಹೆಚ್ಚು ಅಲುಗದೆ ನಿಂತಿರುತ್ತಾನೆ, ಉಬ್ಬುದವಡೆಯ ರಾಕ್ಷಸ ಚಾಕಿಲ್ ಅವನ ಸುತ್ತ ಪಟಪಟನೆ ಕುಣಿದು ಕೊನೆಗೆ ಸಾಮಾನ್ಯವಾಗಿ ತನ್ನ ಕ್ರಿಸ್ ಕಠಾರಿಗೇ ಬಲಿಯಾಗುತ್ತಾನೆ. ದಲಾಂಗನ ಕೈಚಳಕ ಅಳೆಯುವುದು ಇಲ್ಲೇ.

ಎಂದಾದರೂ ಅಲ್ಲಿಗೆ ಹೋದರೆ ಪರದೆಯ ನೆರಳಿನ ಕಡೆಯೇ ಕೂರಬೇಕೆಂದಿಲ್ಲ. ಅಲ್ಲಿನ ಬಹಳ ಜನ ದಲಾಂಗನ ಬೆನ್ನ ಹಿಂದೆ ಕೂರುತ್ತಾರೆ. ಗೊಂಬೆಯ ಚಿನ್ನದ ಬಣ್ಣ, ಮೇಳದವರು, ಕಾಲಿನಿಂದ ಪೆಟ್ಟಿಗೆಯ ತಗಡು ಬಡಿದು ಅವನು ಕೊಡುವ ಸನ್ನೆ ಕಾಣುವುದು ಆ ಕಡೆಯಿಂದಲೇ.