ಗಾಲಿ ಹವಾ ಇಳಿತದ, ಸ್ಟೇರಿಂಗ್ ನಡಗ್ತದ, ಏನ್ ಮಾಡ್ಲಿ?

ಪ್ರಶ್ನೆ: ಸರ್ ನಮಸ್ಕಾರ್ರಿ. ನಂದು ಪಿಕಪ್ ಗಾಡಿ, ಟ್ಯೂಬ್‌ಲೆಸ್ ಟೈರ್, ಕಲಬುರಗಿಯಿಂದ ತೊಗರಿ ಬ್ಯಾಳಿ ತುಂಬ್ಕೊಂಡು ಹುಮನಾಬಾದ್ ಮ್ಯಾಲ ಹೈದರಾಬಾದ್‌ಗೆ ಹೋಗ್ತೀನಿ. ಮುಂದಿನ ಎಡಗಡಿ ಗಾಲಿ ವಾರಕ್ಕ 10-12 ಪಿಎಸ್‌ಐ ಹವಾ ಇಳಿತದ. ಪಂಕ್ಚರ್ ಅಂಗಡ್ಯಾಗ ಮೂರು ಸಲ ನೋಡಿದ್ರು, ಮೊಳಿ ಸಿಗಲಿಲ್ಲ. ಕಡೀಕ ವಾಲ್ವ್‌ನಿಂದ ಲೀಕ್ ಮುಚ್ಚೋ ಲಿಕ್ವಿಡ್ ಹಾಕಿಸ್ದೆ. ಅವತ್ತಿಂದ 60-70 ಸ್ಪೀಡಿಗೆ ಸ್ಟೇರಿಂಗ್ ಗಡಗಡ ನಡಗ್ತದ. ಎರಡು ಸಲ ಬ್ಯಾಲೆನ್ಸ್ ಮಾಡಿಸ್ದೆ, ಎರಡು ದಿನ ಛಲೋ ಇದ್ದು ಮತ್ತ ಅದೇ ಹಾಡು. ಹೊಸ ಟೈರ್ ಹಾಕ್ಲೇನ್ರಿ? (ಕಲಬುರಗಿಯ ಓದುಗರು)

ಉತ್ತರ: ಟೈರ್ ಈಗೇ ತಗೋಬ್ಯಾಡ್ರಿ. ನೀವು ಎರಡು ಬ್ಯಾನಿ ಅಂತ ಬರ್ದೀರಿ, ನನಗ ಒಂದರಿಂದಲೇ ಇನ್ನೊಂದು ಹುಟ್ಟಿದ್ದು ಅನಸ್ತದ. ಲಿಕ್ವಿಡ್ ಹಾಕಿದ ಮ್ಯಾಲ ನಡಗ್ಲಾಕ ಶುರು ಆಗ್ಯದ ಅಂದ್ರ ಒಳಗ ಆ ಲಿಕ್ವಿಡ್ ಗಾಡಿ ನಿಂತಾಗ ಕೆಳಗ ಕೂಡ್ತದ, ಒಂದು ಕಡಿ ಗಟ್ಟಿ ಆಗ್ತದ, ಮತ್ತ ಓಡ್ಸಿದಾಗ ಜಾಗ ಬದಲಾಗ್ತದ, ಹಿಂಗಾದ್ರ ಮಷೀನ್ ಮ್ಯಾಲ ಇವತ್ತ ತೂಕ ಸಮ ಮಾಡ್ಲಾಕ ಎಷ್ಟು ಗ್ರಾಂ ಸೀಸ ಹಚ್ಚಿದ್ರೂ ನಾಳಿ ಆ ಲೆಕ್ಕ ತಪ್ತದ. ಅದಕ್ಕ ಟೈರ್ ಬಿಚ್ಚಿಸಿ ಒಳಗ ಪೂರಾ ತೊಳಸ್ರಿ.

ಹವಾ ಎಲ್ಲಿಂದ ಹೋಗ್ಲಾಕತ್ತದ ಅನ್ನೋದನ್ನೂ ಬಿಚ್ಚೋಕಿಂತ ಮೊದಲ ನೋಡ್ರಿ. ಹವಾ ಪೂರಾ ತುಂಬಿ ಸಾಬೂನ್ ನೀರು ಮಾಡ್ಕೊಂಡು ಟೈರ್ ಮ್ಯಾಲ ಅಲ್ಲ, ರಿಮ್ಮಿಗೆ ಟೈರ್ ಕೂಡೋ ಅಂಚಿಗೆ ಸುತ್ತಲೂ, ಒಳಗಡಿ ಹೊರಗಡಿ ಎರಡೂ ಕಡಿ ಹಚ್ಚಿ, ವಾಲ್ವಿನ ತುದಿಗೆ ಒಂದು ಹನಿ ಬಿಟ್ಟು, ವಾಲ್ವ್ ಬುಡಕ್ಕ ಸ್ವಲ್ಪ ಅಲ್ಲಾಡ್ಸಿ, ರಿಮ್ಮಿನ ವೆಲ್ಡ್ ಜಾಗಕ್ಕೂ ಹಚ್ಚಿ ಐದು ನಿಮಿಷ ಕಾಯ್ರಿ. ಸಣ್ಣ ಸಣ್ಣ ಗುಳ್ಳಿ ಎಲ್ಲಿ ಬರ್ತಾವೋ ಅಲ್ಲೇ ಲೀಕ್. ಮೊಳಿ ಹುಡುಕೋರು ರಸ್ತಿಗೆ ತಾಗೋ ಟ್ರೆಡ್ ಮ್ಯಾಲಷ್ಟೇ ನೋಡ್ತಾರ, ಆದ್ರ ನಮ್ಮ ಕಡಿ ಕಬ್ಬಿಣದ ರಿಮ್ ಮಳಿ, ಕೆಸರಿಗೆ ಜಂಗ ಹಿಡಿದು ಟೈರ್ ಕೂಡೋ ಜಾಗ ಉಬ್ಬು ತಗ್ಗು ಆಗಿ ಹವಾ ಬಿಡೋದೇ ಭಾಳ. ಜಂಗ ಇದ್ರ ವೈರ್ ಬ್ರಷ್ ಹಾಕಿ ನುಣುಪು ಬರೋತನಕ ತಿಕ್ಕಿಸ್ರಿ. ಟೈರ್ ಕೂಡ್ಸುವಾಗ ಗ್ರೀಸ್, ಡೀಸೆಲ್ ಹಚ್ಚಗೊಡಬ್ಯಾಡ್ರಿ, ಅದು ರಬ್ಬರ್ ತಿಂತದ, ಸಾಬೂನ್ ನೀರೇ ಸಾಕು. ರಿಮ್ ಸೀಳಿದ್ರ ಮಾತ್ರ ವೆಲ್ಡಿಂಗ್ ಅನ್ನೋ ಮಾತೇ ಬ್ಯಾಡ, ರಿಮ್ ಬದಲಸ್ರಿ, ಮುಂದಿನ ಗಾಲಿ ಅದು, ಜೀವದ ಮಾತು. ವಾಲ್ವೂ ಹೊಸದು ಹಾಕಸ್ರಿ. ಸಾದಾ ರಬ್ಬರ್ ವಾಲ್ವ್ 65 ಪಿಎಸ್‌ಐ ತನಕ ಅಂತ ಮಾಡಿದ್ದು, ಲೋಡಿಗೆ ಅದಕ್ಕಿಂತ ಜಾಸ್ತಿ ತುಂಬೋರು ಲೋಹದ್ದೇ ಹಾಕ್ಬೇಕು.

ಇನ್ನೊಂದು, ಹವಾ ಬೆಳಗ್ಗಿ ಗಾಡಿ ತಣ್ಣಗಿದ್ದಾಗ ನೋಡ್ರಿ. ಮಧ್ಯಾಹ್ನಕ್ಕೂ ಚಳಿಗಾಲದ ಬೆಳಗಿಗೂ 10 ಡಿಗ್ರಿ ಫರಕ್ ಇದ್ರ ಎರಡು ಮೂರು ಪಿಎಸ್‌ಐ ತಾನೇ ಇಳಿತದ, ಅದು ಲೀಕ್ ಅಲ್ಲ. ನಿಮ್ಮ 10-12 ಮಾತ್ರ ಖರೇ ಲೀಕ್. ಹವಾ ಕಮ್ಮಿ ಇದ್ದಾಗ ಲೋಡ್ ತುಂಬಿ ಓಡ್ಸಿದ್ರ ಟೈರ್ ಪಕ್ಕ ಬಗ್ಗಿ ಬಗ್ಗಿ ಬಿಸಿ ಆಗ್ತದ, ನಮ್ಮ ಬ್ಯಾಸಗಿ 42 ಡಿಗ್ರಿಯಾಗ ಒಡಿಯೋದು ಹಿಂಗೇ. ಬಿಚ್ಚಿದಾಗ ಒಳಗ ಪಕ್ಕಕ್ಕ ಕರಿ ಪುಡಿ ಉದುರಿದ್ರ ಆ ಟೈರ್ ಹೋಗ್ಯದ ಅಂತ ತಿಳೀರಿ, ಆಗ ಹೊಸದು ತಗೋರಿ.

ಬ್ಯಾಲೆನ್ಸಿಂಗ್ ಬಗ್ಗಿ: ಮಷೀನ್‌ಗೆ ಏರಿಸೋಕಿಂತ ಮೊದಲ ರಿಮ್ಮಿನ ಒಳಗಡಿ ಕೈ ಹಾಕಿ ನೋಡ್ರಿ. ಎರಿ ಹೊಲದ ಕೆಸರು ಒಣಗಿ ಗಟ್ಟಿ ಆಗಿ ಕೂತಿರ್ತದ, ಆ ಮಣ್ಣು ಸಮೇತ ಬ್ಯಾಲೆನ್ಸ್ ಮಾಡಿ ಸೀಸ ಬಡಿತಾರ, ಮುಂದಿನ ಮಳಿಗೆ ಮಣ್ಣು ಉದುರಿದ ಕೂಡ್ಲೇ ಮತ್ತ ನಡುಕ ಶುರು. ಗಾಲಿ ಕೂಡ್ಸೋ ಹಬ್‌ನ ಮುಖ, ರಿಮ್ ಅದಕ್ಕ ಕೂಡೋ ಜಾಗನೂ ಬ್ರಷ್ ಹೊಡಸ್ರಿ. ಗಾಲಿ ಮಷೀನ್ ಮ್ಯಾಲಿದ್ದಾಗ ಒಮ್ಮಿ ಬಿಚ್ಚಿ ಅರ್ಧ ಸುತ್ತು ತಿರುಗಿಸಿ ಮತ್ತ ಹಾಕಿ ಓಡಿಸಿ ನೋಡ್ರಿ ಅಂತ ಹೇಳ್ರಿ. ಲೆಕ್ಕ ಭಾಳ ಬದಲಾದ್ರ ಗಾಲಿ ಮಷೀನ್ ಮ್ಯಾಲ ಸರಿ ಕೂತಿಲ್ಲ ಅಂತ. ಲೆಕ್ಕ ಒಂದೇ ಇದ್ದು ಭಾಳ ಸೀಸ ಬೇಕಾದ್ರ ಟೈರನ್ನ ರಿಮ್ ಮ್ಯಾಲ ಅರ್ಧ ಸುತ್ತು ತಿರುಗಿಸಿ ಕೂಡಸ್ರಿ, ಕಮ್ಮಿ ಆಗ್ತದ.

ಇಷ್ಟ್ ಮಾಡಿದ್ರೂ ನಡಗಿದ್ರ ಮುಂದಿನ ಗಾಲಿ ಹಿಂದ, ಹಿಂದಿನದು ಮುಂದ ಹಾಕಿ ಓಡಸ್ರಿ, ರೊಕ್ಕ ಬೀಳೋದಿಲ್ಲ. ನಡುಕ ಸೀಟಿಗೆ ಬಂದ್ರ ಗಾಲಿದೇ ತಪ್ಪು. ಸ್ಟೇರಿಂಗ್‌ನ್ಯಾಗೇ ಉಳಿದ್ರ ಬೇರಿಂಗ್, ಸ್ಟೇರಿಂಗ್‌ನಿಂದ ಗಾಲಿ ತಿರುಗಿಸೋ ಟೈ ರಾಡ್ ಕಡಿ ನೋಡಸ್ರಿ. ಬ್ರೇಕ್ ಹೊಡೆದಾಗಷ್ಟೇ ನಡಗಿದ್ರ ಬ್ಯಾಲೆನ್ಸ್ ವಿಚಾರನೇ ಅಲ್ಲ. ಹವಾ ಸರಿ ಇದ್ದೂ ಒಂದು ಕಡಿ ಎಳಿತದ ಅಂದ್ರ ಅದು ಅಲೈನ್‌ಮೆಂಟ್, ಅಂದ್ರ ಗಾಲಿ ನೆಟ್ಟಗ ಕೂಡೋ ಕೋನ, ಇರಬಹುದು.

ಗಾಲಿ ಹಾಕುವಾಗ ನಟ್ ಒಂದರ ಪಕ್ಕ ಒಂದು ಬಿಗಿಬ್ಯಾಡ್ರಿ, ಎದುರುಬದುರು ಬಿಗೀರಿ. ಲೋಡ್ ತುಂಬಿ ಹೊರಟ್ರ ಹುಮನಾಬಾದ್ ಬಂದಾಗ ಚಾಕ ಇಳಿತೀರಲ್ಲ, ಅಲ್ಲೇ ಇನ್ನೊಮ್ಮಿ ಪಾನಾ ಹಾಕಿ ನೋಡ್ರಿ.