7 ವರ್ಷದ ಮಗು ಹಗಲಲ್ಲೂ ಚಡ್ಡಿ ಒದ್ದೆ ಮಾಡಿಕೊಳ್ಳುವುದೇಕೆ?

ಬಹಳ ಸಲ ಇದಕ್ಕೆ ಕಾರಣ ಮಲಬದ್ಧತೆ, ಇಲ್ಲವೇ ಉಚ್ಚೆ ತಡೆದುಕೊಳ್ಳುವ ಅಭ್ಯಾಸ. ಎರಡೂ ಒಟ್ಟಿಗೇ ಇರುವುದೂ ಉಂಟು. ಮಗು ಹಟಕ್ಕೆ ಹೀಗೆ ಮಾಡುತ್ತಿಲ್ಲ.

ಮೂತ್ರಕೋಶದ ಹಿಂದೆಯೇ ಗುದನಾಳ ಇದೆ. ಅಲ್ಲಿ ಗಟ್ಟಿ ಮಲ ತುಂಬಿಕೊಂಡರೆ ಮೂತ್ರಕೋಶವನ್ನು ಒತ್ತುತ್ತದೆ. ಆಗ ಸ್ವಲ್ಪ ಉಚ್ಚೆ ಸೇರಿದರೂ ಅದು ತಟ್ಟನೆ ಹಿಂಡಿಕೊಳ್ಳುತ್ತದೆ. ಮಗುವಿಗೆ ಗೊತ್ತಾಗುವಷ್ಟರಲ್ಲಿ ಚಡ್ಡಿ ಒದ್ದೆ. ರಾತ್ರಿ ಹಾಸಿಗೆ ಒದ್ದೆಯಾಗುವುದಕ್ಕೂ ಇದೇ ಕಾರಣವಿರಬಹುದು. 'ನಮ್ಮ ಮಗು ದಿನಾ ಹೋಗುತ್ತದಲ್ಲ' ಅನ್ನಬೇಡಿ. ಹೋದರೂ ಹೊಟ್ಟೆ ಪೂರ್ತಿ ಖಾಲಿಯಾಗದೆ ಇರಬಹುದು. ಆಡಿನ ಹಿಕ್ಕೆಯಂಥ ಮಲ, ಚಡ್ಡಿಯಲ್ಲಿ ಮಲದ ಕಲೆ ಕಂಡರೆ ಅದೇ ಸುಳಿವು.

ಶಾಲೆಯ ಶೌಚಾಲಯ ಗಬ್ಬು ನಾತ, ಬಾಗಿಲಿಗೆ ಚಿಲಕ ಇಲ್ಲ ಅಂತ ಎಷ್ಟೋ ಮಕ್ಕಳು ಸಂಜೆವರೆಗೆ ತಡೆದುಕೊಂಡೇ ಕೂರುತ್ತಾರೆ. ನೀರೂ ಕುಡಿಯುವುದಿಲ್ಲ. ಕಾಲು ಹೆಣೆದುಕೊಂಡು, ಹಿಮ್ಮಡಿ ಒತ್ತಿ ಕೂತು ಒದ್ದಾಡುವುದನ್ನು ನೀವೂ ನೋಡಿರುತ್ತೀರಿ, ಅಲ್ವಾ? ಟೀಚರ್ ಹತ್ತಿರ ಮಾತಾಡಿ, ಮಗು ಕೇಳಿದಾಗಲೆಲ್ಲ ಬಿಡುವಂತೆ ಹೇಳಿ.

ಮೊದಲು ಮಲಬದ್ಧತೆ ಸರಿಯಾಗಬೇಕು. ಮಕ್ಕಳ ಡಾಕ್ಟರು ಕೊಡುವ ಮಲ ಮೆದು ಮಾಡುವ ಔಷಧಿ ಕೆಲವು ತಿಂಗಳು ಬೇಕಾಗಬಹುದು. ಸ್ವಲ್ಪ ವಾಸಿಯಾಯಿತು ಅಂತ ನಡುವೆ ನಿಲ್ಲಿಸಬೇಡಿ. ಎಚ್ಚರವಿರುವಾಗ 2-3 ಗಂಟೆಗೊಮ್ಮೆ ಉಚ್ಚೆಗೆ ಕಳಿಸಿ. ಬೈಯುವುದು, ನೆಂಟರ ಮುಂದೆ ಹೇಳಿ ನಾಚಿಸುವುದು ಬೇಡವೇ ಬೇಡ.

ಉರಿ ಉಚ್ಚೆ, ಜ್ವರ, ಸದಾ ತೊಟ್ಟಿಕ್ಕುವುದು, ಕಾಲಿನ ಶಕ್ತಿ ಕುಂದುವುದು ಇದ್ದರೆ ಬೇಗ ಡಾಕ್ಟರಿಗೆ ತೋರಿಸಿ. ವಿಪರೀತ ಬಾಯಾರಿಕೆಯ ಜೊತೆ ತೂಕ ಇಳಿಯುತ್ತಿದ್ದರೆ ಸಕ್ಕರೆ ಕಾಯಿಲೆ ಇರಬಹುದು, ಅವತ್ತೇ ಹೋಗಿ.